ಮಾಣಿಗಳ ಕಾಲ ಮುಗಿಯಿತು, ಈಗ ಕೆಲಸ ಕಲಿಸುವವರು ಯಾರು?

ಆಷಾಢದ ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ದೋಸೆ ಹಿಟ್ಟು ಸುಲಭಕ್ಕೆ ಉಬ್ಬುವುದಿಲ್ಲ. ಪಳಗಿದ ಭಟ್ಟರು ಅದಕ್ಕೆ ನಿನ್ನೆಯ ಹುಳಿ ಹಿಟ್ಟು ಒಂದು ಸೌಟು ಬೆರೆಸಿ, ಪಾತ್ರೆಯನ್ನು ಒಲೆಯ ಬಿಸಿ ತಾಗುವ ಜಾಗದಲ್ಲಿ ಇಡುತ್ತಾರೆ. ಎಷ್ಟು ಹಿಟ್ಟು, ಎಷ್ಟು ಹೊತ್ತು? ಪಕ್ಕದಲ್ಲಿ ನಿಂತು ನಾಲ್ಕು ಮಳೆಗಾಲ ನೋಡಿದವರಿಗೆ ಮಾತ್ರ ಗೊತ್ತು.

ನಮ್ಮ ಹೋಟೆಲ್ ಕಸುಬು ಬೆಳೆದದ್ದೇ ಹೀಗೆ. ಕರಾವಳಿಯವರು ಘಾಟಿ ಹತ್ತಿ ಬಂದು ಮಲೆನಾಡಿನ ಪೇಟೆಗಳಲ್ಲಿ ಹೋಟೆಲ್ ಇಟ್ಟರು. ಊರಿಂದ ಮಾಣಿಗಳನ್ನು ಕರೆಸಿಕೊಂಡರು. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಸಪ್ಲೈ, ಕಾವಲಿ, ಕೊನೆಗೆ ಗಲ್ಲಾ. ಹಾಗೆ ಮೇಲೆ ಬಂದು ಸ್ವಂತ ಹೋಟೆಲ್ ಇಟ್ಟವರೂ ಉಂಟು. ಮುಂಬೈಗೆ ಹೋದ ಮಾಣಿಗಳಿಗಾದರೆ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ತಟ್ಟೆ ಎತ್ತಿ ರಾತ್ರಿ ಓದಿದರು.

ಆದರೆ ಆ ಏಣಿಯ ಮೊದಲ ಮೆಟ್ಟಿಲು ಹತ್ತು-ಹನ್ನೆರಡು ವರ್ಷದ ಮಕ್ಕಳ ಬೆನ್ನ ಮೇಲಿತ್ತು. ಇದನ್ನು ಮರೆತು ಹಳೇ ಕಾಲ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧ ಹೋಟೆಲ್, ಢಾಬಾ, ಚಾ ಅಂಗಡಿಗೂ ಬಂದದ್ದು 2006ರ ಅಕ್ಟೋಬರ್ 10ರಿಂದ. ಬರಲೇಬೇಕಿತ್ತು.

ಮಕ್ಕಳು ಹೋದರು, ಸರಿ. ಅವರ ಜೊತೆ ಕಲಿಸುವ ಪದ್ಧತಿಯೂ ಹೋಯಿತಲ್ಲ! ಈಗ ಬರುವ ಹುಡುಗ ದೊಡ್ಡವನು, ದೂರದ ಊರಿನವನು. ಮೂರೇ ತಿಂಗಳಲ್ಲಿ, ಇನ್ನೂರು ರೂಪಾಯಿ ಜಾಸ್ತಿ ಸಿಕ್ಕಲ್ಲಿಗೆ ಹೋಗುತ್ತಾನೆ. ಓಡಿಹೋಗುವವನಿಗೆ ಯಾಕೆ ಕಲಿಸಬೇಕು ಅಂತ ಮಾಲೀಕರು ಕೇಳುತ್ತಾರೆ. ಏನೂ ಕಲಿಸದ ಕಡೆ ಅವನು ಯಾಕೆ ನಿಲ್ಲಬೇಕು, ಅಲ್ವಾ?

ಸರ್ಕಾರದ ದಾರಿಗಳು ಇವೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಜನರಿಗಿಂತ ಕಡಿಮೆ ಇರುವ ಹೋಟೆಲ್‌ಗೆ ಅಪ್ರೆಂಟಿಸ್, ಅಂದರೆ ಕೆಲಸ ಕಲಿಯುವವರನ್ನು ಇಟ್ಟುಕೊಳ್ಳುವುದು ಕಡ್ಡಾಯವಿಲ್ಲ. ನಮ್ಮ ಪೇಟೆಯ ಸಣ್ಣ ಹೋಟೆಲ್‌ಗಳು ಅಲ್ಲೇ ಹೊರಗುಳಿಯುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಟ್ಯಾಕ್ ತರಬೇತಿ 25 ಕೆಲಸಗಾರರಿಗೆ ಒಬ್ಬ ಮೇಲ್ವಿಚಾರಕನನ್ನು ತಯಾರು ಮಾಡುತ್ತದೆ. ಅದು ಶುಚಿತ್ವ ಕಲಿಸುತ್ತದೆ, ಒಳ್ಳೆಯದೇ. ಮಳೆಗಾಲದ ಹಿಟ್ಟು ಹೇಗೆ ಅಂತ ಅದು ಹೇಳುವುದಿಲ್ಲ.

ಅದನ್ನು ಹೋಟೆಲಿನೊಳಗೇ ಕಲಿಸಬೇಕು. ಮಧ್ಯಾಹ್ನ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಒಂದು ಗಂಟೆ ಬಿಡುವು ಇರುತ್ತದೆ. ಕಾವಲಿ ಇನ್ನೂ ಬಿಸಿ ಇರುತ್ತದೆ. ಆ ಗಂಟೆಗೂ ಸಂಬಳ ಕೊಟ್ಟು, ಭಟ್ಟರು ಪಕ್ಕದಲ್ಲಿ ನಿಂತು, ಲೋಟ ತೊಳೆಯುವ ಹುಡುಗನ ಕೈಗೆ ಸೌಟು ಕೊಡಲಿ. ಮೊದಲ ಹತ್ತು ದೋಸೆ ಹರಿಯುತ್ತವೆ. ಹರಿಯಲಿ ಬಿಡಿ.