ಬೋನೆನ್‌ಕಾಯ್‌ಗೆ ಯಾವ ಹಾಡು ಹಾಡಲಿ ಸರ್?

ಪ್ರಶ್ನೆ: ಡಿಸೆಂಬರಿನಲ್ಲಿ ಆಫೀಸಿನ ವರ್ಷಾಂತ್ಯದ ಜಪಾನಿ ಪಾರ್ಟಿ, ಅಂದರೆ ಬೋನೆನ್‌ಕಾಯ್ ಇದೆ. ಊಟ ಆದಮೇಲೆ ಕರಾವೋಕೆಗೂ ಬಾ ಅಂದಿದ್ದಾರೆ. ಟೀಮಿನವರೆಲ್ಲ ಮೂವತ್ತು ದಾಟಿದವರು, ನಲವತ್ತು ಮುಟ್ಟದವರು. ಅವರಿಗೆ ಹಳೇ ನೆನಪು ಬರುವಂಥ ಜಪಾನಿ ಹಾಡು ಹಾಡೋಣ ಅಂತ 'ಪ್ಲಾಸ್ಟಿಕ್ ಲವ್' ಕಲಿಯುತ್ತಿದ್ದೇನೆ. ಸರಿ ಅಲ್ವಾ ಸರ್?

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನವೆಂಬರ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆ ಬೇರೆ, ಹಾಡು ಮಾತ್ರ ಅದೇ. ಒಬ್ಬೊಬ್ಬರಿಗೂ ಬರೆದು ಬರೆದು ಸಾಕಾಗಿದೆ. ಈ ಸಲ ಪೂರ್ತಿ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಬೆರಳು ಮಡಚಿ ಲೆಕ್ಕ ಹಾಕಿ. ತಾಕೆಉಚಿ ಮಾರಿಯಾ ಅವರ ಪ್ಲಾಸ್ಟಿಕ್ ಲವ್ ಬಂದದ್ದು 1984ರಲ್ಲಿ. 'ಸ್ಟೇ ವಿತ್ ಮಿ' ಅಂತ ನೀವೆಲ್ಲ ಕರೆಯುವ ಮತ್ಸುಬರ ಮಿಕಿ ಅವರ ಹಾಡು ಇನ್ನೂ ಹಿಂದಿನದು, 1979. ಈಗ 35 ಆದವರು ಹುಟ್ಟಿದ್ದು 1990ರ ಆಸುಪಾಸಿನಲ್ಲಿ. ಆ ಹಾಡುಗಳು ಬಂದಾಗ ಅವರ ಅಪ್ಪ ಅಮ್ಮನಿಗೆ ಮದುವೆ ಆಗಿತ್ತೋ ಇಲ್ಲವೋ!

ಹಾಗಾದರೆ ಇವು ನಮ್ಮ ಕಿವಿಗೆ ಬಿದ್ದದ್ದು ಹೇಗೆ? 2017ರಲ್ಲಿ ಯಾರೋ ಅಭಿಮಾನಿ ಯೂಟ್ಯೂಬಿಗೆ ಹಾಕಿದ್ದ ಪ್ಲಾಸ್ಟಿಕ್ ಲವ್ ಕೇಳದವರ ಮುಂದೆಲ್ಲ ತಾನಾಗಿ ಬಂದು ನಿಂತಿತು. 2020ರ ಕೊನೆಗೆ ಸ್ಟೇ ವಿತ್ ಮಿ ಟಿಕ್‌ಟಾಕಿನಲ್ಲಿ ಜಗತ್ತು ಸುತ್ತಿತು. ಪಾಪ, ಮತ್ಸುಬರ ಅವರು 2004ರಲ್ಲೇ ತೀರಿಕೊಂಡಿದ್ದರು. ಹಾಡು ಹಳೆಯದು, ಅದರ ವಿದೇಶೀ ಖ್ಯಾತಿ ನಿನ್ನೆ ಮೊನ್ನೆಯದು. ಮಳೆ, ನಿಯಾನ್ ದೀಪ, ರಾತ್ರಿಯ ಟ್ಯಾಕ್ಸಿ ಅಂತ ನಾವು ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತೇವಲ್ಲ, ಆ ಟೋಕಿಯೋವನ್ನು ನಾವೂ ನೋಡಿಲ್ಲ, ನಿಮ್ಮ ಟೀಮಿನವರೂ ನೋಡಿಲ್ಲ.

"ಆದರೂ ಅವರಿಗೆ ಆ ಹಾಡು ಗೊತ್ತಿರುತ್ತಲ್ಲ ಸರ್?" ಗೊತ್ತಿರುತ್ತದೆ. ತಾಕೆಉಚಿ ಅಲ್ಲಿ ಬಹಳ ದೊಡ್ಡ ಹೆಸರು. ಅವರ ಗಂಡ ಯಾಮಾಶಿತಾ ತತ್ಸುರೋ ಅವರ 1983ರ ಕ್ರಿಸ್‌ಮಸ್ ಹಾಡು ಪ್ರತಿ ಡಿಸೆಂಬರಿನಲ್ಲಿ ಅಂಗಡಿ ಅಂಗಡಿಯಲ್ಲೂ ಕೇಳಿಸುತ್ತದೆ. ಆದರೆ ಗೊತ್ತಿರುವುದು ಬೇರೆ, ನೆನಪಾಗುವುದು ಬೇರೆ. ಮೂವತ್ತೈದರ ಕನ್ನಡಿಗನಿಗೆ ಅಣ್ಣಾವ್ರ ಹಾಡು ಬಾಯಿಪಾಠ ಬರುತ್ತದೆ, ಅದರಲ್ಲಿ ಗೌರವವೂ ಉಂಟು. ಆದರೆ ಪಿಯುಸಿ, ಬಸ್‌ಸ್ಟಾಪು, ಜೊತೆಗಿದ್ದ ಹುಡುಗಿ ಎಲ್ಲ ಒಟ್ಟಿಗೆ ಎದ್ದು ಬರಬೇಕಾದರೆ 2006ರ 'ಮುಂಗಾರು ಮಳೆ'ಯೇ ಆಗಬೇಕು.

ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡೇ. ಜಪಾನಿನ ಕಾವಸಾಕಿಯಲ್ಲಿದ್ದಾಗ ಮೊದಲ ವರ್ಷದ ಬೋನೆನ್‌ಕಾಯ್‌ನಲ್ಲಿ ಇದೇ ಪ್ಲಾಸ್ಟಿಕ್ ಲವ್ ಹಾಡಿದೆ. ತಿಂಗಳುಗಟ್ಟಲೆ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ್ದು, ಒಂದು ಅಕ್ಷರ ತಪ್ಪಲಿಲ್ಲ. ಎಲ್ಲರೂ ನೀಟಾಗಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರು ತಲೆ ಬಾಗಿಸಿ "ಕುವಶೀ ದೆಸ್ ನೆ" ಅಂದರು. ಎಷ್ಟೊಂದು ತಿಳಿದುಕೊಂಡಿದ್ದೀರಿ ಅಂತ. ನಾನು ಹಿಗ್ಗಿದೆ. ಮುಂದಿನವನು ಅರ್ಧಂಬರ್ಧ ಕುಡಿದು ಮೈಕ್ ಹಿಡಿದ. ಗಿಟಾರು ಶುರುವಾಗಿ ಮೂರು ಸೆಕೆಂಡೂ ಆಗಿಲ್ಲ, ಇಡೀ ರೂಮು "ನತ್ಸುಕಶೀ!" ಅಂತ ಕೂಗಿತು. ಆ ಕಾಲ ನೆನಪಾಯಿತಲ್ಲ ಅಂತ. ಮೂಲೆಯಲ್ಲಿ ಬಿದ್ದಿದ್ದ ಟ್ಯಾಂಬರಿನ್ ಯಾರದೋ ಕೈಗೆ ಬಂತು. ಅವತ್ತಿನಿಂದ ನನಗೆ ಈ ಎರಡು ಮಾತೇ ಅಳತೆಗೋಲು. ಕುವಶೀ ಅಂದರೆ ಫೇಲು, ನತ್ಸುಕಶೀ ಅಂದರೆ ಪಾಸು.

ಅವನು ಹಾಡಿದ್ದು ಬಂಪ್ ಆಫ್ ಚಿಕನ್ ಬ್ಯಾಂಡಿನ 'ತೆಂತಯ್ ಕನ್ಸೊಕು', ಖಗೋಳ ವೀಕ್ಷಣೆ ಅಂತ ಅರ್ಥ. 2001ರ ಮಾರ್ಚಿನದು. ಬಾಡಿಗೆ ಅಂಗಡಿಯಿಂದ ಸಿಡಿ ತಂದು ಎಂಡಿಗೆ (ಮಿನಿಡಿಸ್ಕಿಗೆ) ಕಾಪಿ ಮಾಡಿಕೊಂಡು, ಮಡಚುವ ಫೋನಿಗೆ ಅದನ್ನೇ ರಿಂಗ್‌ಟೋನ್ ಹಾಕಿಕೊಂಡ ತಲೆಮಾರಿನ ಹಾಡು. ನೀವು ಹುಡುಕಬೇಕಾದದ್ದು 1999ರಿಂದ 2010ರ ಒಳಗೆ.

ಅದೇ 2001ರಲ್ಲಿ ಓಕಿನಾವಾದ ಮೊಂಗೋಲ್ 800 ಅನ್ನುವ ಮೂವರ ಬ್ಯಾಂಡು 'ಚೀಸನ ಕೊಯಿ ನೊ ಉತ' ಹಾಡಿತು. ಆ ಆಲ್ಬಮ್ಮು ದೊಡ್ಡ ಕಂಪನಿಯ ಹಂಗಿಲ್ಲದೆ ಜಪಾನಿನ ಓರಿಕಾನ್ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲನೆಯದು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಯಾಕೆಂದರೆ ಅರ್ಧ ಹಾಡು ನೀವು ಹಾಡಬೇಕಾಗಿಯೇ ಇಲ್ಲ, ಮಿಕ್ಕವರು ಕಿತ್ತುಕೊಂಡು ಹಾಡುತ್ತಾರೆ. ಗ್ರೀನ್ ತಂಡದ 'ಕಿಸೆಕಿ' 2008ರದ್ದು. ಹಾಡುತ್ತಲೇ ದಂತವೈದ್ಯಕೀಯ ಓದುತ್ತಿದ್ದ ಆ ನಾಲ್ವರು ಮುಖ ತೋರಿಸದೆಯೇ ಹೆಸರಾದರು. ರೆಮಿಯೊರೊಮೆನ್‌ನ 'ಕೊನಯುಕಿ' 2005ರದ್ದು. ಅದರ ಪಲ್ಲವಿಯ ಕೂಗು ಗಂಟಲು ಗಟ್ಟಿ ಇದ್ದವರಿಗೆ ಮಾತ್ರ. ಅದೇ ತಂಡದ 'ಸಾನ್‌ಗತ್ಸು ಕೊಕೊನೊಕ', ಅಂದರೆ ಮಾರ್ಚ್ 9, ಗೆಳೆಯರ ಮದುವೆಗೆಂದು ಕಟ್ಟಿದ ಹಾಡು. ಜಪಾನಿನ ಶಾಲಾ ವರ್ಷ ಮುಗಿಯುವುದು ಮಾರ್ಚಿನಲ್ಲೇ ಅಲ್ಲವೇ, ಅದು ಬೀಳ್ಕೊಡುಗೆಯ ಹಾಡೇ ಆಗಿಹೋಯಿತು.

ಮೂವತ್ತೊಂದಕ್ಕೂ ಮೂವತ್ತೊಂಬತ್ತಕ್ಕೂ ವ್ಯತ್ಯಾಸ ಇದೆ, ಅದನ್ನೂ ನೋಡಿಕೊಳ್ಳಿ. ದೊಡ್ಡವರಿಗೆ ಉತದಾ ಹಿಕಾರು ಅವರ 1999ರ 'ಫಸ್ಟ್ ಲವ್' ನಾಟುತ್ತದೆ. ಚಿಕ್ಕವರಿಗೆ ಅಂಜೆಲಾ ಅಕಿ ಅವರ 'ತೆಗಮಿ'. ಹದಿನೈದರ ತನಗೇ ಬರೆದ ಕಾಗದದಂಥ ಆ ಹಾಡು 2008ರಲ್ಲಿ ಜಪಾನಿನ ಸಾರ್ವಜನಿಕ ಟಿವಿ ಸಂಸ್ಥೆ ಎನ್‌ಎಚ್‌ಕೆಯ ಶಾಲಾ ಗಾಯನ ಸ್ಪರ್ಧೆಗೆ ನಿಗದಿಯಾಗಿತ್ತು. ಆಗ ಮಿಡ್ಲ್ ಸ್ಕೂಲಿನಲ್ಲಿದ್ದವರಿಗೆ ಅದರ ಎರಡನೇ ದನಿಯೂ ಬರುತ್ತದೆ. ಕುಡಿದಾಗಲೂ ಬರುತ್ತದೆ, ನಾನೇ ಕೇಳಿದ್ದೇನೆ.

ಜಪಾನಿ ಅಷ್ಟಕ್ಕಷ್ಟೇ ಅನ್ನುವವರು ನರುತೊ ಅನಿಮೆ ಸರಣಿ ನೋಡಿದ್ದರೆ ಬಚಾವ್. ಏಷಿಯನ್ ಕುಂಗ್‌ಫು ಜನರೇಷನ್‌ನ 'ಹರುಕ ಕನತ', ಇಕಿಮೊನೊಗಕರಿಯ 2008ರ 'ಬ್ಲೂ ಬರ್ಡ್' ನಿಮ್ಮ ಕಿವಿಯಲ್ಲಿ ಆಗಲೇ ಇವೆ. ಅವರಿಗೂ ಅವು ಶಾಲೆಯಿಂದ ಬಂದು ಟಿವಿ ಮುಂದೆ ಕೂತ ದಿನಗಳೇ.

'ಸುಕಿಯಾಕಿ' ಹಾಡಲಾ ಅಂತ ದಯವಿಟ್ಟು ಕೇಳಬೇಡಿ. 1961ರ ಹಾಡು ಅದು, ಅವರ ತಾತನ ಕಾಲದ್ದು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಅಭ್ಯಾಸ ಮಾಡಬೇಡಿ, ಕನ್ನಡದಲ್ಲಿ ಬರೆದುಕೊಳ್ಳಿ. ಒಬಸನ್ ಅಂದರೆ ಅತ್ತೆಯೋ ಚಿಕ್ಕಮ್ಮನೋ, ಒಬಾಸನ್ ಅಂದರೆ ಅಜ್ಜಿ. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಕತ್ತರಿಸು. ನಮ್ಮ ದೀರ್ಘವೂ ಒತ್ತಕ್ಷರವೂ ಇದಕ್ಕೆಂದೇ ಮಾಡಿಸಿದ ಹಾಗಿವೆ. 'ಕೊಯಿ'ಯ ಗಿಡ್ಡ 'ಒ' ಬರೆಯಲು ಹಿಂದಿಯವರು ಒದ್ದಾಡುತ್ತಾರೆ, ನಮಗೆ ಒ ಬೇರೆ, ಓ ಬೇರೆ.

ಅದಕ್ಕಿಂತ ಸೊಗಸು ತಾಳದ ಲೆಕ್ಕ. ಜಪಾನಿಯವರು 'ತೆಂತಯ್ ಕನ್ಸೊಕು'ವನ್ನು ತೆ-ನ್-ತ-ಇ-ಕ-ನ್-ಸೊ-ಕು ಅಂತ ಎಂಟಾಗಿ ಎಣಿಸುತ್ತಾರೆ. ಈಗ ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿಸಿಕೊಳ್ಳಿ: ತೆಂ ಗುರು, ತಯ್ ಗುರು, ಕನ್ ಗುರು, ಸೊ ಲಘು, ಕು ಲಘು. ಎಂಟೇ ಮಾತ್ರೆ! ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡು ಕಲಿತ ವಿದ್ಯೆ ಕಾವಸಾಕಿಯ ಕರಾವೋಕೆ ರೂಮಿನಲ್ಲಿ ಕೈ ಹಿಡಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು. ಎರಡನೇ ವರ್ಷ ನನ್ನ ನೋಟ್‌ಬುಕ್ಕಿನ ಕನ್ನಡ ಸಾಲುಗಳ ಮೇಲೆ ಗುರು ಲಘು ಗುರುತು ಕಂಡ ಸಹೋದ್ಯೋಗಿಯೊಬ್ಬರು ಇದು ಸಂಗೀತದ ಲಿಪಿಯಾ ಅಂತ ಕೇಳಿದರು. ಹೌದು ಅಂದೆ.

ರೂಮಿನಲ್ಲಿ ಕೂತಮೇಲೆ ಹಾಡು ಆರಿಸುವ ಟ್ಯಾಬಿನಲ್ಲಿ ಕೀ, ಅಂದರೆ ಶ್ರುತಿ, ಎರಡು ಇಳಿಸಿಕೊಳ್ಳಿ. ಕೊನಯುಕಿಗೆ ಮೂರು.