ತೋಡಿನ ಕಲ್ಲು ಮಗುಚಿ ನೋಡುವ ಪಾಠ

ಪರಿಸರ ಶಿಕ್ಷಣ ಎಲ್ಲ ಹಂತಗಳಲ್ಲೂ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಅಲ್ಲಿಂದೀಚೆಗೆ ಥರ್ಮೊಕೋಲ್‌ನಲ್ಲಿ ಕಾಡು ಕಟ್ಟಿ ಅಂಕ ಪಡೆದ ಮಕ್ಕಳಿಗೆ ಲೆಕ್ಕವಿಲ್ಲ. ಕೊಡಗಿನಲ್ಲಿ ಇದು ನಗೆಪಾಟಲಿನ ಮಾತು. ಇಲ್ಲಿ ಎಷ್ಟೋ ಶಾಲೆಗಳ ಕೂಗಳತೆಯಲ್ಲೇ ತೋಡು, ಅಂದರೆ ಸಣ್ಣ ಹಳ್ಳ, ಹರಿಯುತ್ತಿರುತ್ತದೆ. ವರ್ಷಕ್ಕೊಮ್ಮೆ ಬಸ್ಸು ಮಾಡಿ ನಾಗರಹೊಳೆಗೆ ಹೋಗುವುದಕ್ಕಿಂತ ಅದೇ ತೋಡಿಗೆ ಮೂರು ಸಲ ಇಳಿದು, ತಳದ ಹುಳುಗಳನ್ನು ಎಣಿಸಿ ನೀರು ಹೇಗಿದೆಯೆಂದು ತಿಳಿಯುವುದು ಮೇಲು.

ಮೂರು ಸಲ ಯಾಕೆಂದರೆ ಕಾಫಿ ತೋಟದ ಕೆಲಸ ಬದಲಾದಂತೆ ತೋಡೂ ಬದಲಾಗುತ್ತದೆ. ತುಲಾ ಸಂಕ್ರಮಣ ಕಳೆದು ನೀರು ತಿಳಿಯಾದಾಗ ಮೊದಲ ಭೇಟಿ. ಡಿಸೆಂಬರ್-ಜನವರಿಯಲ್ಲಿ, ಅರೇಬಿಕಾ ಕಾಫಿಯ ಕುಯ್ಲಿನ ನಡುವೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳು ತಿರುಗುತ್ತಿರುವಾಗ ಎರಡನೆಯದು. ಪಲ್ಪಿಂಗ್ ನಿಂತು ತಿಂಗಳಾದ ಮೇಲೆ, ವಾರ್ಷಿಕ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮುಂಚೆ ಮೂರನೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ನೀರಿಗೆ ಇಳಿಸಲೇಬಾರದು. ಮೇಲೆ ಎಲ್ಲೋ ಸುರಿದ ಮಳೆಗೆ ಮೊಣಕಾಲುದ್ದದ ತೋಡು ನೋಡನೋಡುತ್ತಿದ್ದಂತೆ ಎದೆಮಟ್ಟಕ್ಕೆ ಏರಬಹುದು.

ಬೇಕಾದ ಸಾಮಾನು ಕಡಿಮೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಸೊಳ್ಳೆಪರದೆ ಬಟ್ಟೆ, ಅದರ ಎರಡು ಬದಿಗೆ ಹೊಲಿದ ಬಿದಿರು ಕೋಲು, ಎರಡು ಬಿಳಿ ಟ್ರೇ, ಚಮಚ, ಮೆತ್ತನೆಯ ಪೇಂಟ್ ಬ್ರಷ್, ಒಂದು ಭೂತಗನ್ನಡಿ. ತಂಡಕ್ಕೆ ಎಂಟು ಮಕ್ಕಳು ಸಾಕು. ಅರವತ್ತು ಮಕ್ಕಳನ್ನು ಒಟ್ಟಿಗೆ ಇಳಿಸಿದರೆ ಕಾಣುವುದು ಕೆಸರು ಮಾತ್ರ. ಕಾಲಲ್ಲಿ ಗಾಯವಿದ್ದವರು ದಡದಲ್ಲಿ ಕೂತು ಲೆಕ್ಕ ಬರೆಯಲಿ. ಇಂಬಳಕ್ಕೆ ಉಪ್ಪಿನ ಪೊಟ್ಟಣ ಇರಲಿ. ಆನೆ ಓಡಾಡುವ ಕಡೆಯಾದರೆ ಬೆಳಿಗ್ಗೆಯೇ ತೋಟದ ಕೆಲಸದವರನ್ನು ವಿಚಾರಿಸಿ ಹೊರಡಿ.

ನೀರು ಕಲ್ಲುಗಳ ಮೇಲೆ ಜುಳುಜುಳು ಹರಿಯುವ, ಮೊಣಕಾಲಿಗಿಂತ ಕೆಳಗಿರುವ ಜಾಗ ಆರಿಸಿ. ಇಬ್ಬರು ಬಲೆಯನ್ನು ಹರಿವಿಗೆ ಅಡ್ಡ ಹಿಡಿದು ಅದರ ಕೆಳ ಅಂಚನ್ನು ತಳಕ್ಕೆ ಒತ್ತಬೇಕು. ಅವರ ಮುಂದೆ, ನೀರು ಬರುವ ಕಡೆ ನಿಂತ ಒಬ್ಬರು ಸರಿಯಾಗಿ ಒಂದು ನಿಮಿಷ ಕಾಲಿನಿಂದ ತಳ ಕೆದಕಬೇಕು. ಬಲೆಯನ್ನು ನಿಧಾನ ಎತ್ತಿ, ಎರಡು ಸೆಂಟಿಮೀಟರ್ ತೋಡಿನ ನೀರಿರುವ ಟ್ರೇಗೆ ಜಾಲಿಸಿ. ಮೊದಲು ಬರೀ ಕಸ ಕಾಣುತ್ತದೆ. ಎರಡು ನಿಮಿಷ ಯಾರೂ ಟ್ರೇ ಮುಟ್ಟದೆ ಕೂತರೆ ಆ ಕಸವೇ ನಡೆಯಲು ಶುರುಮಾಡುತ್ತದೆ!

ಜಾತಿಯ ಹೆಸರು ಹುಡುಕುತ್ತ ಕೂರಬೇಡಿ, ಅದು ತಜ್ಞರಿಗೇ ಕಷ್ಟ. ಮಕ್ಕಳಿಗೆ ಬಾಲ ಎಣಿಸಲು ಹೇಳಿ. ಎರಡು ಬಾಲ, ಹೊಟ್ಟೆಯ ಪಕ್ಕದಲ್ಲಿ ಕಿವಿರಿಲ್ಲ: ಸ್ಟೋನ್‌ಫ್ಲೈ ಮರಿ. ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ಬೀಸಣಿಗೆಯಂತೆ ಅಲುಗುವ ಕಿವಿರು: ಮೇಫ್ಲೈ. ಕೆಲವು ಮೇಫ್ಲೈಗಳಿಗೂ ಎರಡೇ ಬಾಲ, ಆದ್ದರಿಂದ ಕಿವಿರು ನೋಡದೆ ತೀರ್ಮಾನಿಸಬಾರದು. ಮರಳಕಾಳು, ಎಲೆಚೂರು ಅಂಟಿಸಿಕೊಂಡು ಗೂಡು ಕಟ್ಟಿ, ಅದನ್ನು ಹೊತ್ತೇ ತಿರುಗುವುದು ಕ್ಯಾಡಿಸ್ ಹುಳು. ಈ ಮೂರೂ ಸಿಕ್ಕರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದರ್ಥ. ಬರೀ ಕೆಂಪು ದಾರದ ತುಂಡಿನಂತೆ ನುಲಿಯುವ ಹುಳುಗಳೇ ತುಂಬಿದ್ದರೆ ಸಂಶಯಪಡಿ. ಅವುಗಳ ಕೆಂಪಿಗೆ ಕಾರಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ನೇ. ಅದರ ಬಲದಿಂದಲೇ ಅವು ಉಸಿರುಗಟ್ಟುವ ನೀರಲ್ಲೂ ಬದುಕುತ್ತವೆ.

ಪಲ್ಪಿಂಗ್ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ ಇರುತ್ತದೆ. ಅದು ಹುಳಿತು ಆಮ್ಲವಾಗುತ್ತದೆ. ತೋಡಿಗೆ ಬಿದ್ದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿ, ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೊದಲು ಹೋಗುವುದು ಸ್ಟೋನ್‌ಫ್ಲೈ. ಇನ್ನೊಂದು ಬಗೆಯ ಕಾಫಿಯಾದ ರೊಬಸ್ಟಾವನ್ನು ಹೆಚ್ಚಾಗಿ ಹಣ್ಣಿನ ಸಮೇತ ಕಣದಲ್ಲಿ ಒಣಗಿಸುವುದರಿಂದ, ಬರೀ ರೊಬಸ್ಟಾ ಇರುವ ಕಡೆ ಈ ಬದಲಾವಣೆ ಅಷ್ಟಾಗಿ ಕಾಣಲಿಕ್ಕಿಲ್ಲ. ಹಾಗೆ ಕಾಣದಿರುವುದೂ ಒಂದು ಫಲಿತಾಂಶವೇ, ಬರೆದಿಡಿ. ಇನ್ನೊಂದು ಎಚ್ಚರ: ತರಗತಿಯ ಅರ್ಧ ಮಕ್ಕಳ ಮನೆಯಲ್ಲಿ ತೋಟವಿರುತ್ತದೆ, ಉಳಿದರ್ಧದ ಅಪ್ಪ-ಅಮ್ಮ ಅದರಲ್ಲಿ ದುಡಿಯುತ್ತಾರೆ. 'ಯಾರ ತಪ್ಪು' ಎಂದು ಟೀಚರ್ ಕೇಳಿದ ಕೂಡಲೇ ಪಾಠ ಜಗಳವಾಗುತ್ತದೆ. 'ಈ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಿದರೆ ಏನಾಗುತ್ತದೆ' ಎಂದು ಕೇಳಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಜಾಗ ಬದಲಿಸಿದ್ದರಿಂದ. ನವೆಂಬರ್‌ನಲ್ಲಿ ಹರಿವಿನಲ್ಲಿ, ಜನವರಿಯಲ್ಲಿ ಗುಂಡಿಯಲ್ಲಿ ಬಲೆ ಹಿಡಿದರೆ ಹುಳು ಬೇರೆಯೇ ಇರುತ್ತವೆ. ಅದಕ್ಕೆ ಮಾಲಿನ್ಯವನ್ನು ದೂರಿ ಪ್ರಯೋಜನವಿಲ್ಲ. ದಡದ ಮರಕ್ಕೆ ದಾರ ಕಟ್ಟಿ ಗುರುತಿಟ್ಟುಕೊಳ್ಳಿ. ಜೋರು ಮಳೆ ಬಂದು ಹುಳು ಕೊಚ್ಚಿಹೋಗಿದ್ದರೆ ವಾರ ಬಿಟ್ಟು ಹೋಗಿ. ನೆರಳಿನ ಮರ ಕಡಿದಿದ್ದರೆ ಅದನ್ನೂ ಬರೆಯಿರಿ, ಯಾಕೆಂದರೆ ಬಿಸಿಯಾದ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. ಟ್ರೇಗೂ ಅದೇ ಮಾತು: ಬಿಸಿಲಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಹುಳುಗಳು ಸಾಯುತ್ತವೆ. ನೆರಳಲ್ಲಿಟ್ಟು, ಇಪ್ಪತ್ತು ನಿಮಿಷದೊಳಗೆ ಎಣಿಸಿ ವಾಪಸ್ ಬಿಡಿ.

ತೋಡು ದೇವರಕಾಡಿನೊಳಗೆ ಹರಿಯುತ್ತಿದ್ದರೆ ಊರಿನವರನ್ನು ಕೇಳದೆ ಕಾಲಿಡಬೇಡಿ. ಕೆಲವೆಡೆ ಚಪ್ಪಲಿ ಹೊರಗೇ ಬಿಡಬೇಕು, ಕೆಲವೆಡೆ ನೀರಿಗೆ ಇಳಿಯುವಂತೆಯೇ ಇಲ್ಲ. ಆಗ ಕಾಡಿನಿಂದ ಹೊರಬಂದ ನೀರಿನಲ್ಲಿ ಬಲೆ ಹಿಡಿಯಿರಿ. ಅದೇ ತೋಡನ್ನು ತೋಟ ದಾಟಿದ ಮೇಲೆ ಇನ್ನೊಮ್ಮೆ ನೋಡಿದರೆ ಹೋಲಿಕೆಗೆ ಇನ್ನೂ ಒಳ್ಳೆಯದು.

ಹೊರಡುವ ಮುಂಚೆ ಎಲ್ಲರೂ ಸೋಪಿನಲ್ಲಿ ಕೈ ತೊಳೆಯಲಿ. ಕಲ್ಲು ಮಗುಚಿದವರೇ ಅದನ್ನು ಮೊದಲಿದ್ದಂತೆ, ಅಡಿಭಾಗ ಅಡಿಗೇ ಬರುವಂತೆ ಇಡಬೇಕು. ಮೊಟ್ಟೆಗಳೂ ಕ್ಯಾಡಿಸ್ ಗೂಡುಗಳೂ ಅಂಟಿರುವುದು ಅಲ್ಲೇ.