ಸೋಪ್ ಒಪೆರಾದ ಪೋಷಕ ನಟರ ಸುದೀರ್ಘ ವೃತ್ತಿ: ವರ್ಷಗಳನ್ನು ಎಣಿಸುವ ಬಗೆ

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1956ರ ಏಪ್ರಿಲ್ 2ರಂದು ಆರಂಭವಾದ ‘ಆಸ್ ದ ವರ್ಲ್ಡ್ ಟರ್ನ್ಸ್’ ಧಾರಾವಾಹಿಯ ಮೊಟ್ಟಮೊದಲ ಮಾತನ್ನು ಆಡಿದವರು ಹೆಲೆನ್ ವ್ಯಾಗ್ನರ್. ನ್ಯಾನ್ಸಿ ಹ್ಯೂಸ್ ಎಂಬ ಗೃಹಿಣಿಯಾಗಿ ಅವರು ಗಂಡನಿಗೆ ಶುಭೋದಯ ಹೇಳುವುದರೊಂದಿಗೆ ಕಥೆ ತೆರೆದುಕೊಂಡಿತು. 2010ರ ಮೇ 1ರಂದು, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗಲೂ ನ್ಯಾನ್ಸಿಯ ಪಾತ್ರ ಅವರದೇ ಆಗಿತ್ತು. ಧಾರಾವಾಹಿ ಅದೇ ವರ್ಷದ ಸೆಪ್ಟೆಂಬರ್ 17ರಂದು ಮುಗಿಯಿತು. ದೂರದರ್ಶನದ ಇತಿಹಾಸವನ್ನು ಓದುವವರಿಗೆ ಈ ವೃತ್ತಿಜೀವನ ಒಳ್ಳೆಯ ಮಾದರಿ ಪಾಠ. ಏಕೆಂದರೆ ನ್ಯಾನ್ಸಿ ಕಥೆಯ ನಾಯಕಿಯಾಗಿ ಇಷ್ಟು ಕಾಲ ಉಳಿದವಳಲ್ಲ, ಪೋಷಕ ಪಾತ್ರವಾಗಿ ಉಳಿದವಳು.

ಪೋಷಕ ಪಾತ್ರ ಉಳಿಯುವುದು ಏಕೆ?

ನಾಯಕ ನಾಯಕಿಯರ ಕಥೆಗೆ ಒಂದು ತುದಿ ಇರುತ್ತದೆ. ಪ್ರೇಮ, ಮದುವೆ, ವಿಚ್ಛೇದನ, ಮರುಮದುವೆ ಎಲ್ಲವೂ ಆದ ಮೇಲೆ ಬರಹಗಾರರ ಬಳಿ ಅವರಿಗಾಗಿ ಹೆಚ್ಚೇನೂ ಉಳಿಯುವುದಿಲ್ಲ. ಅಡುಗೆಮನೆಯಲ್ಲಿ ಕುಳಿತ ತಾಯಿಗೆ, ಆಸ್ಪತ್ರೆಯ ಹಿರಿಯ ವೈದ್ಯರಿಗೆ, ಪಕ್ಕದ ಮನೆಯವರಿಗೆ ಈ ತೊಂದರೆ ಇಲ್ಲ. ಬೇರೆಯವರ ಕಷ್ಟವನ್ನು ಕೇಳಿಸಿಕೊಳ್ಳುವುದೇ ಅವರ ಕೆಲಸ. ವಾರಕ್ಕೆ ಐದು ದಿನ ಪ್ರಸಾರವಾಗುವ ಕಥೆಯಲ್ಲಿ ಎರಡು ದಿನ ತಪ್ಪಿಸಿಕೊಂಡ ವೀಕ್ಷಕರಿಗೆ ನಡೆದದ್ದನ್ನು ಮತ್ತೆ ತಿಳಿಸಲೇಬೇಕಾಗುತ್ತದೆ. ಮಗನೋ ಸೊಸೆಯೋ ಬಂದು ನ್ಯಾನ್ಸಿಯ ಎದುರು ಎಲ್ಲವನ್ನೂ ಹೇಳಿಕೊಂಡರೆ ಆ ಕೆಲಸ ಸಹಜವಾಗಿಯೇ ನೆರವೇರುತ್ತದೆ. ಕೇಳಿಸಿಕೊಳ್ಳುವ ನಟನೆ ಸುಲಭವೆಂದು ತೋರಬಹುದು, ಆದರೆ ಆ ಧಾರಾವಾಹಿ 1970ರ ದಶಕದ ನಡುಭಾಗದವರೆಗೂ ನೇರ ಪ್ರಸಾರವಾಗುತ್ತಿತ್ತು ಎಂಬುದನ್ನು ನೆನಪಿಡಬೇಕು. 1963ರ ನವೆಂಬರ್ 22ರಂದು ವ್ಯಾಗ್ನರ್ ಮತ್ತು ಸ್ಯಾಂಟೋಸ್ ಒರ್ಟೇಗಾ ಅವರ ದೃಶ್ಯ ನಡೆಯುತ್ತಿದ್ದಾಗಲೇ ಅಧ್ಯಕ್ಷ ಕೆನಡಿಯವರ ಮೇಲೆ ಗುಂಡು ಹಾರಿದ ಸುದ್ದಿಯನ್ನು ಸಿಬಿಎಸ್‌ನ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ಓದಿದರು. ಪ್ರಸಾರಕ್ಕೆ ತಡೆ ಬಿದ್ದದ್ದು ಒಳಗಿದ್ದ ನಟರಿಗೆ ತಿಳಿಯಲೇ ಇಲ್ಲ. ಅವರು ದೃಶ್ಯವನ್ನು ಮುಂದುವರಿಸಿದರು.

ಅತಿ ದೀರ್ಘ ಎಂದರೆ ಯಾವುದು?

ಈ ವಿಷಯವನ್ನು ಓದುವವರು ಎಡವುವುದು ಇಲ್ಲಿಯೇ. ಒಂದು ಕಡೆ ಹೆಲೆನ್ ವ್ಯಾಗ್ನರ್ ಅತಿ ದೀರ್ಘ ಕಾಲ ಒಂದೇ ಪಾತ್ರ ಮಾಡಿದವರು ಎಂದಿರುತ್ತದೆ. ಇನ್ನೊಂದು ಕಡೆ ಅದೇ ಧಾರಾವಾಹಿಯ ಡಾನ್ ಹೇಸ್ಟಿಂಗ್ಸ್ ಹೆಸರಿರುತ್ತದೆ. ಮತ್ತೊಂದು ಕಡೆ ಬ್ರಿಟನ್ನಿನ ‘ಕೊರೊನೇಷನ್ ಸ್ಟ್ರೀಟ್’ನ ವಿಲಿಯಂ ರೋಚ್ ಹೆಸರಿರುತ್ತದೆ. ಮೂರೂ ಹೇಳಿಕೆಗಳು ಒಟ್ಟಿಗೆ ನಿಜವಾಗಿರುವುದು ಹೇಗೆ? ಎಣಿಕೆಯ ಮೊದಲ ದಿನ, ಕೊನೆಯ ದಿನ ಮತ್ತು ನಡುವಿನ ಬಿಡುವು ಎಂಬ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಬರೆದುಕೊಂಡರೆ ಗಂಟು ಬಿಚ್ಚಿಕೊಳ್ಳುತ್ತದೆ.

ವ್ಯಾಗ್ನರ್ ಅವರ ಮೊದಲ ದಿನ 1956ರ ಏಪ್ರಿಲ್, ಕೊನೆಯ ವರ್ಷ 2010. ಎರಡರ ನಡುವಿನ ಅಂತರ 54 ವರ್ಷ. ಆದರೆ ಮೊದಲ ವರ್ಷದಲ್ಲೇ ಅವರನ್ನು ಕೈಬಿಟ್ಟು ಮತ್ತೆ ಕರೆತರಲಾಯಿತು. 1980ರ ದಶಕದ ಮೊದಲ ಭಾಗದಲ್ಲೂ ಅವರು ಕೆಲಕಾಲ ಧಾರಾವಾಹಿಯಿಂದ ದೂರವಿದ್ದರು. ಹಾಗಾಗಿ 2010ರಲ್ಲಿ ಮೊದಲ ಕಂತಿನಿಂದ ಕೊನೆಯ ಕಂತಿನವರೆಗಿನ ಹರವನ್ನು ಅಳೆದಿದ್ದರೆ ಅವರೇ ಮುಂದಿದ್ದರು, ಬಿಡುವಿಲ್ಲದ ಸೇವೆಯನ್ನು ಅಳೆದಿದ್ದರೆ ಅವರು ಮೊದಲಿಗರಾಗಿರಲಿಲ್ಲ.

ಹೇಸ್ಟಿಂಗ್ಸ್ ಅವರು ನ್ಯಾನ್ಸಿಯ ಮಗ ಡಾಕ್ಟರ್ ಬಾಬ್ ಹ್ಯೂಸ್ ಪಾತ್ರಕ್ಕೆ ಬಂದದ್ದು 1960ರ ಅಕ್ಟೋಬರ್‌ನಲ್ಲಿ. ಬಾಬ್ ಎಂಬ ಪಾತ್ರ ಅದಕ್ಕೂ ಮೊದಲೇ ಇತ್ತು, ಬೇರೆ ನಟರು ಮಾಡುತ್ತಿದ್ದರು. ಪಾತ್ರದ ವಯಸ್ಸನ್ನು ನಟನ ಸೇವಾವಧಿಗೆ ಸೇರಿಸಿಬಿಟ್ಟರೆ ಲೆಕ್ಕ ನಾಲ್ಕು ವರ್ಷ ಉಬ್ಬುತ್ತದೆ. ಹೀಗೆ ಉಬ್ಬಿದ ಲೆಕ್ಕ ಓದುವಾಗ ತೀರಾ ಸಹಜವಾಗಿ ಕಾಣುವುದರಿಂದಲೇ ಅಪಾಯ ಹೆಚ್ಚು. ಅದೇ ಮನೆತನದ ಟಾಮ್ ಹ್ಯೂಸ್ ಪಾತ್ರವನ್ನು ನೋಡಿದರೆ ಇದು ಇನ್ನೂ ಸ್ಪಷ್ಟ: ಬಾಬ್ ಮತ್ತು ಲೀಸಾರ ಮಗನಾಗಿ 1960ರ ದಶಕದ ಆರಂಭದಲ್ಲಿ ಹುಟ್ಟಿದ ಟಾಮ್ ದಶಕ ಕಳೆಯುವಷ್ಟರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗುವಷ್ಟು ದೊಡ್ಡವನಾಗಿದ್ದ, ಮತ್ತು ಆ ಪಾತ್ರವನ್ನು ವರ್ಷಗಳುದ್ದಕ್ಕೂ ಹತ್ತಕ್ಕೂ ಹೆಚ್ಚು ನಟರು ನಿರ್ವಹಿಸಿದರು. ಟಾಮ್‌ನದು ಐವತ್ತು ವರ್ಷದ ಪಾತ್ರ ನಿಜ, ಆದರೆ ಐವತ್ತು ವರ್ಷದ ವೃತ್ತಿ ಯಾರದೂ ಅಲ್ಲ.

ಈಗ ರೋಚ್. ಗ್ರಾನಡಾ ಟೆಲಿವಿಷನ್ ಮ್ಯಾಂಚೆಸ್ಟರಿನಿಂದ ಪ್ರಸಾರ ಮಾಡಿದ ‘ಕೊರೊನೇಷನ್ ಸ್ಟ್ರೀಟ್’ನ ಮೊದಲ ಕಂತು 1960ರ ಡಿಸೆಂಬರ್ 9ರದು. ಕೆನ್ ಬಾರ್ಲೋ ಪಾತ್ರದಲ್ಲಿ ರೋಚ್ ಆ ದಿನವೇ ಇದ್ದರು. ಅಂದರೆ ಅವರು ಹೇಸ್ಟಿಂಗ್ಸ್ ಅವರಿಗಿಂತ ಸುಮಾರು ಎರಡು ತಿಂಗಳು ತಡವಾಗಿ ಬಂದವರು. 2010ರ ಸೆಪ್ಟೆಂಬರ್ 17ರಂದು ಅಮೆರಿಕದ ಧಾರಾವಾಹಿ ನಿಂತ ದಿನ, ಇನ್ನೂ ಕೆಲಸದಲ್ಲಿರುವವರ ಪಟ್ಟಿಯಲ್ಲಿ ರೋಚ್ ಮೊದಲ ಸ್ಥಾನಕ್ಕೆ ಬಂದರು. ಆದರೆ ಬಿಡುವಿಲ್ಲದ ಒಟ್ಟು ಅವಧಿಯ ಪಟ್ಟಿಯಲ್ಲಿ ಅದೇ ದಿನ ಹೇಸ್ಟಿಂಗ್ಸ್ ಅವರೇ ಮುಂದಿದ್ದರು. ಹೇಸ್ಟಿಂಗ್ಸ್ ಅವರನ್ನು ದಾಟಲು ರೋಚ್ ಅವರಿಗೆ ಇನ್ನೆರಡು ತಿಂಗಳು ಬೇಕಿತ್ತು. ‘ಈಗ ಸೇವೆಯಲ್ಲಿರುವವರಲ್ಲಿ ಹಿರಿಯರು’ ಎಂಬುದೂ ‘ಈವರೆಗಿನ ಎಲ್ಲರಲ್ಲಿ ಹಿರಿಯರು’ ಎಂಬುದೂ ಒಂದೇ ಅಲ್ಲ ಎನ್ನುವುದಕ್ಕೆ ಈ ಎರಡು ತಿಂಗಳಿಗಿಂತ ಚೊಕ್ಕವಾದ ಉದಾಹರಣೆ ಬೇರೊಂದಿಲ್ಲ. ಆ ವರ್ಷ ಗಿನ್ನೆಸ್ ದಾಖಲೆ ರೋಚ್ ಹೆಸರಿಗೆ ಬಂದಿತು.

ಲೀಸಾ ಪಾತ್ರದ ಐಲೀನ್ ಫುಲ್ಟನ್ ಬಂದದ್ದು 1960ರ ಮೇ ತಿಂಗಳಲ್ಲಿ, ಅಂದರೆ ಹೇಸ್ಟಿಂಗ್ಸ್ ಮತ್ತು ರೋಚ್ ಇಬ್ಬರಿಗಿಂತಲೂ ಮುಂಚೆ. ಆದರೆ ಅವರು ನಡುನಡುವೆ ಧಾರಾವಾಹಿಯನ್ನು ಬಿಟ್ಟಿದ್ದರು. ಅದರಲ್ಲೂ 1965ರಲ್ಲಿ ಅವರು ‘ಅವರ್ ಪ್ರೈವೇಟ್ ವರ್ಲ್ಡ್’ ಎಂಬ ರಾತ್ರಿಯ ಧಾರಾವಾಹಿಯಲ್ಲಿ ಅದೇ ಲೀಸಾಳಾಗಿ ನಟಿಸಿದರು. ಪಾತ್ರ ಅದೇ, ನಟಿ ಅವರೇ, ಕಾರ್ಯಕ್ರಮ ಮಾತ್ರ ಬೇರೆ. ‘ಒಂದೇ ಪಾತ್ರದಲ್ಲಿ’ ಎಂದು ಎಣಿಸಿದರೆ ಅದು ಬಿಡುವಲ್ಲ, ‘ಒಂದೇ ಧಾರಾವಾಹಿಯಲ್ಲಿ’ ಎಂದು ಎಣಿಸಿದರೆ ಅದು ಬಿಡುವು. ದಾಖಲೆಯ ವಾಕ್ಯದಲ್ಲಿ ‘ನಿರಂತರ’ ಎಂಬ ವಿಶೇಷಣ ಇದೆಯೇ ಇಲ್ಲವೇ ಎಂದು ಮೊದಲು ನೋಡುವುದು ನನ್ನ ಮೆಚ್ಚಿನ ಸುಲಭ ದಾರಿ. ಅರ್ಧಕ್ಕಿಂತ ಹೆಚ್ಚು ಗೊಂದಲ ಅಲ್ಲಿಗೇ ತೀರುತ್ತದೆ.

ವರ್ಷಗಳನ್ನು ಕಂತುಗಳಾಗಿ ಬದಲಿಸಲು ಹೋಗಬಾರದು. ‘ಕೊರೊನೇಷನ್ ಸ್ಟ್ರೀಟ್’ ಮೊದಲ ಕೆಲವು ದಶಕ ವಾರಕ್ಕೆ ಎರಡೇ ಕಂತು ಪ್ರಸಾರವಾಗುತ್ತಿತ್ತು. ಅಮೆರಿಕದ್ದು ವಾರಕ್ಕೆ ಐದು, ಅದೂ 1975ರ ಡಿಸೆಂಬರ್‌ನಿಂದ ಒಂದೊಂದು ಗಂಟೆಯದು. ಒಟ್ಟು 13,800ಕ್ಕೂ ಹೆಚ್ಚು ಕಂತುಗಳು ಪ್ರಸಾರವಾದವು ಎಂದಾಕ್ಷಣ ಹಿರಿಯ ನಟರು ಅಷ್ಟರಲ್ಲೂ ಇದ್ದರು ಎಂದರ್ಥವಲ್ಲ. ಏಕೆಂಬುದನ್ನು ಒಪ್ಪಂದದ ಸ್ವರೂಪ ತಿಳಿಸುತ್ತದೆ.

ಒಪ್ಪಂದ

ಅಮೆರಿಕದ ಹಗಲು ಧಾರಾವಾಹಿಗಳಲ್ಲಿ ಒಪ್ಪಂದದ ನಟರಿಗೆ ವಾರಕ್ಕೆ ಇಂತಿಷ್ಟು ಕಂತುಗಳ ಖಾತರಿ ಇರುತ್ತದೆ. ಖಾತರಿ ವಾರಕ್ಕೆ ಎರಡು ಎಂದಿಟ್ಟುಕೊಂಡರೆ ಹದಿಮೂರು ವಾರಕ್ಕೆ 26 ಕಂತುಗಳ ಸಂಭಾವನೆ, ನಿರ್ಮಾಪಕರು ಬಳಸಿಕೊಂಡರೂ ಬಳಸಿಕೊಳ್ಳದಿದ್ದರೂ, ನಟರಿಗೆ ಸಲ್ಲಬೇಕು. ಒಪ್ಪಂದ ಕೆಲವು ವರ್ಷಗಳದ್ದೆಂದು ಬರೆದಿದ್ದರೂ ಸಾಮಾನ್ಯವಾಗಿ ಹದಿಮೂರು ವಾರಗಳಿಗೊಮ್ಮೆ ಅದನ್ನು ಮುರಿಯುವ ಅವಕಾಶ ನಿರ್ಮಾಪಕರಿಗೆ ಮಾತ್ರ ಇರುತ್ತದೆ, ನಟರಿಗಲ್ಲ. ಐವತ್ತು ವರ್ಷದ ವೃತ್ತಿ ಎಂದರೆ ಇಂತಹ ನೂರಾರು ಅವಧಿಗಳನ್ನು ದಾಟಿ ಬಂದದ್ದು ಎಂದು ಓದಿಕೊಂಡಾಗ ಆ ನಟರ ಬಗೆಗಿನ ಗೌರವ ಇಮ್ಮಡಿಯಾಗುತ್ತದೆ. ಒಪ್ಪಂದವಿಲ್ಲದೆ ಬೇಕಾದಾಗ ಕರೆಸಿಕೊಳ್ಳುವ ಇನ್ನೊಂದು ಬಗೆಯನ್ನು ರಿಕರಿಂಗ್ ಎನ್ನುತ್ತಾರೆ. ಅಲ್ಲಿ ಬಂದ ಕಂತಿಗಷ್ಟೇ ಹಣ. ಹಿರಿಯ ಪೋಷಕ ನಟರು ವೃತ್ತಿಯ ಕೊನೆಯ ಭಾಗದಲ್ಲಿ ಈ ಬಗೆಗೆ ಬಂದು ನಿಲ್ಲುವುದು ಸಾಮಾನ್ಯ. ನಟರ ಪಟ್ಟಿಯಲ್ಲಿ ಹೆಸರು ಇದ್ದೇ ಇರಬಹುದು, ವರ್ಷಕ್ಕೆ ಬೆರಳೆಣಿಕೆಯ ಕಂತುಗಳಲ್ಲಷ್ಟೇ ಮುಖ ಕಾಣಿಸಬಹುದು.

ನಟರ ದೇಹ, ಪಾತ್ರದ ಬದುಕು

‘ದ ಯಂಗ್ ಅಂಡ್ ದ ರೆಸ್ಟ್‌ಲೆಸ್’ನಲ್ಲಿ 1973ರಿಂದ 2013ರಲ್ಲಿ ತೀರಿಕೊಳ್ಳುವವರೆಗೆ ಕ್ಯಾಥರೀನ್ ಚಾನ್ಸಲರ್ ಪಾತ್ರ ಮಾಡಿದ ಜೀನ್ ಕೂಪರ್ 1984ರಲ್ಲಿ ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ, ಆ ನಿಜವಾದ ಚಿಕಿತ್ಸೆಯೇ ಪಾತ್ರದ ಕಥೆಯಾಯಿತು. ಹೀಗೆ ನಟರ ವಯಸ್ಸು ತೆರೆಯ ಮೇಲೇ ಏರುತ್ತ ಹೋಗುವುದರಿಂದ ಕೊನೆಯ ದಿನವನ್ನು ಗುರುತಿಸುವುದೂ ಕಷ್ಟವಾಗುತ್ತದೆ. ‘ಡೇಸ್ ಆಫ್ ಅವರ್ ಲೈವ್ಸ್’ನ ಆಲಿಸ್ ಹಾರ್ಟನ್ ಪಾತ್ರದ ಫ್ರಾನ್ಸಿಸ್ ರೀಡ್ 1965ರ ನವೆಂಬರ್ 8ರ ಮೊದಲ ಕಂತಿನಲ್ಲೇ ಇದ್ದವರು. ಅವರು ಕೊನೆಯದಾಗಿ ಕಾಣಿಸಿಕೊಂಡದ್ದು 2007ರಲ್ಲಿ. ಆಮೇಲೆಯೂ ಕಥೆಯಲ್ಲಿ ಆಲಿಸ್ ಬದುಕಿಯೇ ಇದ್ದರು, ತೆರೆಗೆ ಬರುತ್ತಿರಲಿಲ್ಲ ಅಷ್ಟೆ. ರೀಡ್ 2010ರ ಫೆಬ್ರುವರಿಯಲ್ಲಿ ತೀರಿಕೊಂಡರು, ಪಾತ್ರದ ಸಾವು ಪ್ರಸಾರವಾದದ್ದು ಆ ವರ್ಷದ ಜೂನ್‌ನಲ್ಲಿ. ಅವರ ಸೇವೆ ಎಷ್ಟು ವರ್ಷದ್ದು ಎಂದು ಪ್ರಶ್ನೆ ಬಂದರೆ ನಾನು 1965ರಿಂದ 2007 ಎಂದೇ ಬರೆಯುತ್ತೇನೆ, ಏಕೆಂದರೆ ನಟನೆಯ ವೃತ್ತಿಯನ್ನು ನಟಿಸಿದ ದಿನಗಳಿಂದಲೇ ಅಳೆಯಬೇಕು. 2010ರ ಜೂನ್ ಆಲಿಸ್ ಹಾರ್ಟನ್ ಅವರ ದಿನಾಂಕ, ಅದನ್ನು ಪಾತ್ರದ ಕಲಮಿನಲ್ಲಿ ಬೇರೆಯಾಗಿ ನಮೂದಿಸಬೇಕು.